ಅವನ ಪಾಲಿನ ತುಣುಕು

ಪ್ರಭುದಾಸನಿಗೆ ಸೇರಬೇಕಿದ್ದ ರೊಟ್ಟಿಯ ತುಣುಕನ್ನು ತಿಂದವಳು ನಾನು. ಹಸಿವಾಗಿ ತಿನ್ನಲಿಲ್ಲ, ಮರೆತೂ ತಿನ್ನಲಿಲ್ಲ — ಅವನಿಗೆ ಸಿಗಬಾರದು ಎಂದೇ ತಿಂದೆ. ಮಸ್ಕಿಯ ಬಸ್ ನಿಲ್ದಾಣದಲ್ಲಿ, ಹಾಡಹಗಲು, ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು. ಆಗಿ ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಇರಲಿಲ್ಲ. ಖುಷಿ ಇತ್ತು.

ನಾನು ಯಾರೆಂದು ಹೇಳಿಬಿಡುತ್ತೇನೆ. ಸಂತೆಕಲ್ಲೂರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಟೀಚರ್ ಆಗಿದ್ದು ನಿವೃತ್ತಳಾದವಳು. ಮಕ್ಕಳ ಕೈಗೆ ಚಿಕ್ಕಿ ಕೊಟ್ಟು, ಮುರಿದು ಹಂಚಿಕೊಂಡು ತಿನ್ನಿರಿ ಎಂದು ದಿನಾ ಪಾಠ ಹೇಳಿದವಳು. ಮನೆ ಲಿಂಗಸುಗೂರಿನಲ್ಲಿ. ಅಲ್ಲಿಯದೇ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಚಿಕ್ಕಂದಿನಿಂದ ಆರಾಧನೆಗೆ ಹೋಗುತ್ತೇನೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ — ತಟ್ಟೆಯಲ್ಲಿ ಬರುವ ರೊಟ್ಟಿಯಿಂದ ಒಬ್ಬೊಬ್ಬರೂ ಒಂದೊಂದು ತುಣುಕು ತೆಗೆದುಕೊಂಡು ತಿನ್ನುತ್ತೇವೆ. ಆ ರೊಟ್ಟಿಯನ್ನು ಮಾಡುವುದು ನನ್ನ ಪಾಲಿನ ಸೇವೆ. ಹುಳಿ ಇಲ್ಲ, ಉಪ್ಪಿಲ್ಲ — ಬರೀ ಮೈದಾ ಮತ್ತು ನೀರು. ಅದಕ್ಕೆಂದೇ ಬೇರೆ ಇಟ್ಟ ಹಂಚಿನ ಮೇಲೆ ಬೇಯಿಸಿ, ಬಿಸಿ ಇರುವಾಗಲೇ ಚಾಕುವಿನಿಂದ ಒಂದೇ ಅಳತೆಯ ತುಣುಕುಗಳಾಗಿ ಗೆರೆ ಕೊಯ್ಯುತ್ತೇನೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂದು ಆಗಲು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟಿಲ್ಲ. ಅಳತೆಯಲ್ಲಿ ನಾನು ಬಹಳ ಕಟ್ಟುನಿಟ್ಟು.

ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ. ಹೊಸದಾಗಿ ಮದುವೆಯಾದವರು ತಮ್ಮ ಮೊದಲ ಭೋಜನದ ದಿನ ಎರಡು ತುಣುಕು ತೆಗೆದುಕೊಳ್ಳುವುದಿಲ್ಲ. ಒಂದನ್ನೇ ತೆಗೆದುಕೊಂಡು, ಮುರಿದು, ಒಬ್ಬರಿಗೊಬ್ಬರು ಕೊಡುತ್ತಾರೆ. ಜಗಳವಾಡಿ ಮಾತು ಬಿಟ್ಟವರು ಮತ್ತೆ ಒಂದಾದರೂ ಹಾಗೆಯೇ — ಅತ್ತೆ ಸೊಸೆ ಇರಲಿ, ಅಣ್ಣ ತಮ್ಮ ಇರಲಿ. ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಅರ್ಧ ತುಣುಕು ಅಂಗೈಗೆ ಬಂತೆಂದರೆ ಮುಗಿಯಿತು, ಹಳೆಯದನ್ನು ಯಾರೂ ಎತ್ತುವ ಹಾಗಿಲ್ಲ.

ನನ್ನ ತಂಗಿ ಶಾಂತಾ ಪ್ರಭುದಾಸನ ಜೊತೆ ಹಾಗೆ ತುಣುಕು ಮುರಿದ ದಿನ ನಾನೇ ರೊಟ್ಟಿ ಮಾಡಿದ್ದೆ. ಅವ್ವ ಹೋದ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ನನ್ನ ಮದುವೆಯ ಮಾತು ಅದರಲ್ಲಿಯೇ ಹಿಂದೆ ಬಿತ್ತು, ಆಮೇಲೆ ಯಾರೂ ಕೇಳಲಿಲ್ಲ. ಪ್ರಭುದಾಸ ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದ. ಕ್ವಾರ್ಟರ್ಸ್ ಇತ್ತು, ನೋಡಲು ಸೌಮ್ಯ, ಸಭೆಗೆ ತಪ್ಪದೆ ಬರುತ್ತಿದ್ದ. ಕುಡಿಯುತ್ತಾನೆಂದು ಗೊತ್ತಾದದ್ದು ಮದುವೆಯಾದ ಮೇಲೆ. ಹೊಡೆಯುತ್ತಾನೆಂದು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು, ಯಾಕೆಂದರೆ ಶಾಂತಾ ಹೇಳುವವಳಲ್ಲ.

ಅವಳು ಹಾಡುತ್ತಿದ್ದಳು. ನಮ್ಮ ಸಭೆಯಲ್ಲಿ ಕೀರ್ತನೆ ಎತ್ತಿಕೊಡುವವಳು ಅವಳೇ. ಹಾರ್ಮೋನಿಯಂ ಕೂಡ ಅವಳ ಹಿಂದೆ ಬರಬೇಕು. ಒಂದು ಮಧ್ಯಾಹ್ನ ಅವನು ಪಾಳಿ ಮುಗಿಸಿ ಕುಡಿದು ಬಂದು ಅವಳ ಎಡಗೆನ್ನೆಗೆ ಬಾರಿಸಿದ. ಕಿವಿಯ ತಮಟೆ ಹರಿಯಿತು. ಆ ಭಾನುವಾರ ಅವಳು ಹಾಡು ಎತ್ತಿದಾಗ ಸ್ವರ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಬಲಗಿವಿಯನ್ನು ಹಾರ್ಮೋನಿಯಂ ಕಡೆ ತಿರುಗಿಸಿಕೊಂಡು ಮೂರನೆಯ ಸಲ ಪ್ರಯತ್ನಿಸಿ, ಸುಮ್ಮನೆ ಕುಳಿತುಬಿಟ್ಟಳು. ಆಮೇಲೆ ಅವಳು ಎಂದೂ ಹಾಡಲಿಲ್ಲ. ಮಾರನೆಯ ದಿನ ಹಟ್ಟಿಗೆ ಹೋಗಿ ಅವಳ ಬಟ್ಟೆಬರೆ ಕಟ್ಟಿ ನನ್ನ ಮನೆಗೆ ಕರೆತಂದೆ. ಅದರಲ್ಲಿ ನನ್ನದೇನೂ ತಪ್ಪಿಲ್ಲ — ಅದೊಂದನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ಸಭೆಯ ಹಿರಿಯರು ಪ್ರಭುದಾಸನನ್ನು ಭೋಜನದಿಂದ ಹೊರಗಿಟ್ಟರು. ನನಗೆ ಅಷ್ಟು ಸಾಲದಾಗಿತ್ತು, ಆದರೂ ಸಮಾಧಾನಪಟ್ಟುಕೊಂಡೆ. ಒಂದು ವರ್ಷ ಕಳೆಯಿತು. ಆಮೇಲೆ ಒಂದು ಭಾನುವಾರ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿನಲ್ಲಿ ಅವನು ಎದ್ದು ನಿಂತ. ಏಳು ತಿಂಗಳಿಂದ ಕುಡಿದಿಲ್ಲ ಅಂದ. ಹೆಂಡತಿಯ ಮೇಲೆ ಕೈ ಮಾಡಿದ ಪಾಪಿ ನಾನು, ಕರ್ತನು ನನ್ನಂಥವನನ್ನೂ ಎತ್ತಿದ್ದಾನೆ ಅಂದ. ಸಭೆಯೆಲ್ಲ ಸ್ತೋತ್ರ ಎಂದಿತು. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ಸುಲಭವೇ? ಏಟು ತಿಂದ ಕಿವಿ ನನ್ನ ತಂಗಿಯದು, ಅವಳು ನನ್ನ ಪಕ್ಕದಲ್ಲಿಯೇ ಕುಳಿತು ಅವನ ಮಾತನ್ನು ಬಲಗಿವಿಯಿಂದ ಕೇಳಿಸಿಕೊಳ್ಳುತ್ತಿದ್ದಾಳೆ — ಅವಳನ್ನು ಒಂದು ಮಾತು ಕೇಳದೆ ದೇವರು ಇವನನ್ನು ಹೇಗೆ ಕ್ಷಮಿಸಿಬಿಟ್ಟ?

ಮುಂದಿನ ತಿಂಗಳಿಂದ ಅವನು ಭೋಜನಕ್ಕೆ ಬರಬಹುದು ಎಂದು ಹಿರಿಯರು ತೀರ್ಮಾನಿಸಿದರು. ನಾನು ಆಗಿನ ಪಾಸ್ಟರ್ ಅಯ್ಯನವರ ಮನೆಗೇ ಹೋಗಿ ಜಗಳವಾಡಿದೆ. ನಾನು ಮಾಡಿದ ರೊಟ್ಟಿಯನ್ನು ಅವನಿಗೆ ಕೊಡಬಾರದು ಎಂದೆ. ವಯಸ್ಸಾದ ಮನುಷ್ಯ, ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

“ಟೀಚರಮ್ಮ, ರೊಟ್ಟಿ ನೀವು ಮಾಡ್ತೀರಿ ಖರೆ. ಕರ್ತನ ಮೇಜು ನಿಮ್ಮದಲ್ಲ, ನಂದೂ ಅಲ್ಲ.”

ಆದರೆ ಪ್ರಭುದಾಸನೇ ತೆಗೆದುಕೊಳ್ಳಲಿಲ್ಲ. ತಟ್ಟೆ ಬಂದಾಗ ತಲೆ ಬಗ್ಗಿಸಿ ಪಕ್ಕದವರಿಗೆ ದಾಟಿಸಿದ. ಶಾಂತಾ ಮಾಫ್ ಮಾಡಿ ಅರ್ಧ ತುಣುಕು ಕೊಟ್ಟರೆ ಮಾತ್ರ ತಿನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅಯ್ಯನವರಿಗೆ ಹೇಳಿದನಂತೆ. ಶಾಂತಾಳಿಗೂ ಆ ಮಾತು ಮುಟ್ಟಿತು. ಅವನು ಬದಲಾದ ಹಾಗೆ ಕಾಣುತ್ತದೆ ಎಂದು ಒಂದು ಸಲ ಮೆಲ್ಲಗೆ ಅಂದಳು. ಅವನ ಬಳಿ ಹೋದರೆ ತಿರುಗಿ ಈ ಹೊಸ್ತಿಲು ತುಳಿಯಬೇಡ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಸಾಕಿದವಳ ಮಾತು — ಅವಳು ಮೀರಲಿಲ್ಲ.

ಮತ್ತೆರಡು ವರ್ಷಕ್ಕೆ ಶಾಂತಾಳ ಎರಡೂ ಕಿಡ್ನಿ ಕೆಟ್ಟವು. ಅದಕ್ಕೂ ಆ ಏಟಿಗೂ ಸಂಬಂಧವಿಲ್ಲ ಎಂದು ಡಾಕ್ಟರು ನನಗೆ ತಿಳಿಸಿ ಹೇಳಿದ್ದರು. ಆದರೂ ಕೇಳಿದವರಿಗೆಲ್ಲ, ಗಂಡನೇ ಅವಳನ್ನು ಕೊಂದ ಎಂದು ಹೇಳಿಕೊಂಡು ತಿರುಗಿದೆ. ಇದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಸಿಂಧನೂರಿನ ಆಸ್ಪತ್ರೆಯಲ್ಲಿ ಸೇರಿಸಿದಾಗ ಅವನಿಗೆ ಹೇಳಿ ಕಳಿಸು ಎಂದಳು. ಹೇಳಿದ್ದೇನೆ ಎಂದೆ. ಹೇಳಿರಲಿಲ್ಲ. ಎರಡು ದಿನ ಬಾಗಿಲು ನೋಡಿದಳು. ಡ್ಯೂಟಿ ಇರಬೇಕು ಬಿಡು ಎಂದು ತಾನೇ ಅವನ ಪರವಾಗಿ ನೆಪ ಹುಡುಕಿಕೊಂಡಳು.

ಮೂರನೆಯ ದಿನ ಅಯ್ಯನವರು ಬಂದು ಅವಳಿಗೆ ಹಾಸಿಗೆಯಲ್ಲಿಯೇ ಭೋಜನ ಕೊಟ್ಟರು. ಭಾನುವಾರ ನಾನು ಮಾಡಿದ್ದ ರೊಟ್ಟಿಯ ಒಂದು ತುಣುಕು. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ನಾನು ಕಣ್ಣು ಮುಚ್ಚಿರಲಿಲ್ಲ. ಶಾಂತಾ ಬಾವು ಬಂದ ಬೆರಳುಗಳಲ್ಲಿ ಆ ತುಣುಕನ್ನು ಮುರಿದಳು. ಸರಿಯಾಗಿ ಮುರಿಯಲಿಲ್ಲ — ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದನ್ನು ಬಾಯಿಗೆ ಹಾಕಿಕೊಂಡು ದೊಡ್ಡದನ್ನು ಕರವಸ್ತ್ರದ ತುದಿಗೆ ಕಟ್ಟಿದಳು. ಅಯ್ಯನವರು ಹೋದ ಮೇಲೆ ಆ ಗಂಟನ್ನು ನನ್ನ ಕೈಗಿಟ್ಟಳು.

“ಅಕ್ಕಾ, ಇದು ಅವಂದು. ಬಾಯಿಲೆ ಏನೂ ಹೇಳಬ್ಯಾಡ. ಬರೇ ಕೈಯಾಗ ಇಡು. ಅವಂಗ ತಿಳಿತೈತಿ.”

ಕೊಡುತ್ತೇನೆ ಎಂದೆ. ಬಟ್ಟೆ ತರಲು ಅವತ್ತು ಮಧ್ಯಾಹ್ನ ಲಿಂಗಸುಗೂರಿನ ಬಸ್ಸು ಹತ್ತಿದೆ. ಹಟ್ಟಿಗೆ ಅಲ್ಲಿಂದ ಎಷ್ಟು ದೂರ? ಒಂದು ಬಸ್ಸು. ಹೋಗಬಹುದಾಗಿತ್ತು. ಹೋಗುತ್ತೇನೆಂದು ಒಂದರ್ಧ ದಾರಿ ಅಂದುಕೊಂಡೂ ಇದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಿತು, ಡ್ರೈವರ್ ಚಹಾಕ್ಕೆ ಇಳಿದ. ಗಂಟು ಬಿಚ್ಚಿ ನೋಡಿದೆ. ಇಷ್ಟೇ ಇಷ್ಟು. ಇದನ್ನು ಕಂಡರೆ ಅವನ ಮುಖ ಹೇಗಾಗುತ್ತದೆ ಎಂದು ಕಣ್ಣ ಮುಂದೆ ಬಂತು — ಮೂರು ವರ್ಷದ ಭಾರ ಇಳಿದ ಮುಖ. ಆ ಮುಖವನ್ನು ನೋಡಲು ನನಗೆ ಸಾಧ್ಯವಿರಲಿಲ್ಲ. ಅವಳಿಗೆ ಕಿವಿ ತಿರುಗಿ ಬರುವುದಿಲ್ಲ, ಹಾಡು ಬರುವುದಿಲ್ಲ, ಬಹುಶಃ ಅವಳೇ ಉಳಿಯುವುದಿಲ್ಲ. ಇವನಿಗೆ ಮಾತ್ರ ಎಲ್ಲ ಸರಿಹೋಗಬೇಕೇ?

ಬಾಯಿಗೆ ಹಾಕಿಕೊಂಡೆ. ಒಣಗಿತ್ತು, ಗಂಟಲಲ್ಲಿ ಹಿಡಿಯಿತು. ಬಾಟಲಿಯ ನೀರು ಕುಡಿದು ನುಂಗಿದೆ. ಕರ್ತನ ಮೇಜಿನಿಂದ ಬಂದದ್ದು, ನನ್ನ ತಂಗಿ ಅವನಿಗೆ ಕಳಿಸಿದ ಕೊನೆಯ ಮಾತು — ಎರಡನ್ನೂ ಸೇರಿಸಿ ಒಂದೇ ಗುಟುಕಿಗೆ. ನಿನಗಿಲ್ಲ, ನಿನಗೆ ಎಂದೆಂದಿಗೂ ಇಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡದ್ದು ಚೆನ್ನಾಗಿ ನೆನಪಿದೆ.

ಮಾರನೆಯ ದಿನ ಶಾಂತಾ ಕೇಳಿದಳು, ಕೊಟ್ಟೆಯಾ ಎಂದು. ಕೊಟ್ಟೆ ಎಂದೆ. ಏನಂದ ಎಂದಳು. ಏನೂ ಅನ್ನಲಿಲ್ಲ, ಅತ್ತ — ಎಂದೆ. ಆ ಸುಳ್ಳು ಎಲ್ಲಿಂದ ಬಂತೋ! ಅವಳು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಗುಮುಖದಲ್ಲಿ ಮಲಗಿದ್ದಳು. ಮೂರು ದಿನಕ್ಕೆ ಹೋದಳು.

ಮಣ್ಣಿನ ದಿನ ಪ್ರಭುದಾಸ ಬಂದಿದ್ದ. ಯಾರು ಹೇಳಿದರೋ, ಅಂತೂ ನಾನಲ್ಲ. ಎಲ್ಲರೂ ಮಣ್ಣು ಹಾಕಿ ಹೊರಟ ಮೇಲೆ ನನ್ನ ಹತ್ತಿರ ಬಂದು ನಿಂತ.

“ಅಕ್ಕಾರ, ಕಡೀಕ ನನ್ನ ಸಲುವಾಗಿ ಏನರ ಅಂದಿದ್ಲೇನ್ರೀ?”

“ನಿನ್ನ ಹೆಸರ ಎತ್ತಲಿಲ್ಲ ಅಕಿ.”

ಸುಳ್ಳಲ್ಲ ನೋಡಿ. ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನಮ್ಮ ಹೆಂಗಸರಿಗಿಲ್ಲ, ಅವಳು ‘ಅವಂದು’ ಎಂದಷ್ಟೇ ಅಂದಿದ್ದಳು. ಆ ಮಾತಿನ ಹಿಂದೆ ಎಷ್ಟು ವರ್ಷ ಅಡಗಿ ಕುಳಿತೆ!

ಅಂದಿನಿಂದ ಅವನು ತಿಂಗಳ ಮೊದಲ ಭಾನುವಾರ ತಪ್ಪದೆ ಹಟ್ಟಿಯಿಂದ ಬರುತ್ತಾನೆ. ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆಯ ಕೊನೆಯ ಬೆಂಚು ಅವನದು. ತಟ್ಟೆ ಬರುತ್ತದೆ, ತಲೆ ಬಗ್ಗಿಸುತ್ತಾನೆ, ದಾಟಿಸುತ್ತಾನೆ. ಹೊಸ ಪಾಸ್ಟರು ಬಂದರು, ಎಷ್ಟೋ ತಿಳಿಸಿ ಹೇಳಿದರಂತೆ — ಕೃಪೆ ಎಂದರೆ ದುಡಿದು ಗಳಿಸುವಂಥದ್ದಲ್ಲ, ಸುಮ್ಮನೆ ಕೈಯೊಡ್ಡಬೇಕು ಎಂದು. ದೇವರು ಮಾಫ್ ಮಾಡಿದ್ದು ಗೊತ್ತು, ಅವಳು ಮಾಡಲಿಲ್ಲವಲ್ಲ ಎಂದನಂತೆ. ನಾನು ಮುಂದಿನ ಸಾಲಿನಲ್ಲಿ ಕುಳಿತು ಪ್ರತಿ ತಿಂಗಳು ಒಂದು ಸಲ ಹಿಂದೆ ತಿರುಗಿ ನೋಡುತ್ತಿದ್ದೆ. ನನ್ನ ಕೈಯ ರೊಟ್ಟಿ ಅವನ ಬಾಯಿಗೆ ಹೋಗದ್ದನ್ನು ನೋಡುವುದೇ ನನಗೆ ಹಬ್ಬ. ಆಮೇಲೆ ಮುಂದೆ ತಿರುಗಿ ನನ್ನ ತುಣುಕನ್ನು ಭಕ್ತಿಯಿಂದ ತಿನ್ನುತ್ತಿದ್ದೆ. ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎಂಬ ಸಾಲು ಬಂದಾಗ ತುಟಿ ಆಡಿಸುತ್ತಿದ್ದೆ, ದನಿ ತೆಗೆಯುತ್ತಿರಲಿಲ್ಲ. ಹನ್ನೊಂದು ವರ್ಷಕ್ಕೆ ಎಷ್ಟು ಭಾನುವಾರಗಳಾದವೋ, ಒಮ್ಮೆಯೂ ಆ ರೊಟ್ಟಿ ನನ್ನ ಗಂಟಲಲ್ಲಿ ಸಿಕ್ಕಲಿಲ್ಲ.

ಕಳೆದ ತಿಂಗಳು ನಲ್ಲಿಯ ಹತ್ತಿರ ಹಾಸುಗಲ್ಲಿನ ಮೇಲೆ ಜಾರಿಬಿದ್ದು ಬಲಗೈ ಮಣಿಕಟ್ಟು ಬಿರುಕು ಬಿಟ್ಟಿತು. ಕಟ್ಟು ಹಾಕಿದರು. ರೊಟ್ಟಿಯ ಚಿಂತೆ ಬೇಡ, ಯಾರಿಂದಾದರೂ ಮಾಡಿಸುತ್ತೇನೆ ಎಂದರು ಪಾಸ್ಟರು. ಆ ಭಾನುವಾರ ತಟ್ಟೆಯಿಂದ ಎಡಗೈಯಲ್ಲಿ ತುಣುಕು ತೆಗೆದುಕೊಂಡೆ. ಮೆತ್ತಗಿತ್ತು. ಬಿಸಿ ನೀರಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿದ್ದಾರೆ ಎಂದು ನಾಲಿಗೆಗೆ ಗೊತ್ತಾಯಿತು. ನನ್ನದು ಇಷ್ಟು ಚೆಂದ ಬರುವುದಿಲ್ಲ. ಆರಾಧನೆ ಮುಗಿದ ಮೇಲೆ ಪಾಸ್ಟರ ಹತ್ತಿರ ಹೋಗಿ, ಯಾರು ಮಾಡಿದ್ದು, ಒಳ್ಳೆ ಕೈಗುಣ ಎಂದೆ.

“ಪ್ರಭುದಾಸಣ್ಣ ಮಾಡ್ಯಾರ್ರೀ ಟೀಚರಮ್ಮ. ನಾ ತಿನ್ನಂಗಿಲ್ಲ, ಮಾಡಿ ಕೊಡ್ತೀನಿ ಅಂದ್ರು. ನಿಮಗ ಹೇಳಬ್ಯಾಡ್ರಿ ಅಂದಿದ್ರು — ಗೊತ್ತಾದ್ರ ಅಕ್ಕಾರು ಉಪವಾಸ ಹೋಗ್ತಾರ ಅಂತ.”

ಮೊದಲು ಬಂದದ್ದು ಸಿಟ್ಟು. ಗಂಟಲಿಗೆ ಬೆರಳು ಹಾಕಿ ಕಾರಿಬಿಡಬೇಕು ಎನ್ನಿಸಿತು. ಮನೆಗೆ ಬಂದು ಬಾಯಿ ಮುಕ್ಕಳಿಸಿದೆ, ಎರಡು ಸಲ. ನನ್ನ ದ್ವೇಷ ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ, ನಾನು ಹಸಿದು ಹೋಗಬಾರದೆಂದು ಹಿಟ್ಟು ನಾದಿದ್ದಾನೆ. ತಾನು ತಿನ್ನದ ರೊಟ್ಟಿಯನ್ನು ನನಗೆ ತಿನ್ನಿಸಿದ್ದಾನೆ. ನಾನು ಮಾತ್ರ — ಎರಡು ಸಲ ಅವನ ರೊಟ್ಟಿ ತಿಂದವಳು, ಒಮ್ಮೆ ಕದ್ದು, ಒಮ್ಮೆ ತಿಳಿಯದೆ. ಶಾಂತಾಳ ಕ್ಷಮೆ ನನ್ನ ಸ್ವತ್ತಾಗಿರಲಿಲ್ಲ. ನನ್ನದನ್ನು ನಾನು ಕೊಡದೆ ಇಟ್ಟುಕೊಳ್ಳಬಹುದಿತ್ತು. ಅವಳದನ್ನು ಹೇಗೆ ನುಂಗಿದೆ?

ಹದಿನೈದು ದಿನ ಹೊಯ್ದಾಡಿ ಹಟ್ಟಿಗೆ ಹೋದೆ. ನಿವೃತ್ತನಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಮಾರ್ಕೆಟ್ಟಿನ ಹಿಂದೆ ಒಂದು ಕೋಣೆ ಮಾಡಿಕೊಂಡಿದ್ದಾನೆ. ಬಾಗಿಲಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದ. ನನ್ನನ್ನು ಕಂಡು ಗಾಬರಿಯಲ್ಲಿ ಎದ್ದು ಕುರ್ಚಿ ಹಾಕಿದ. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಆಸ್ಪತ್ರೆ, ಕರವಸ್ತ್ರ, ಮಸ್ಕಿಯ ಬಸ್ಸು, ನೀರಿನ ಬಾಟಲಿ, ಅತ್ತ ಎಂಬ ಸುಳ್ಳು. ಅವನು ಬೈದರೆ ಏನು ತಿರುಗಿ ಹೇಳಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ — ಕಿವಿಯ ಮಾತು ತೆಗೆಯಬೇಕು, ಹಾಡಿನ ಮಾತು ತೆಗೆಯಬೇಕು. ಕೊನೆಗೆ ಇಷ್ಟು ಸೇರಿಸಿದೆ:

“ನಾ ನಿನ್ನ ಮಾಫ್ ಮಾಡಿಲ್ಲ. ಅಕಿ ಮಾಡಿದ್ಲು. ಅಷ್ಟ ಹೇಳಾಕ ಬಂದೀನಿ.”

“ಹೌದ್ರೀ,” ಎಂದ.

ಅವನು ಅಳಲಿಲ್ಲ. ಬಾಗಿ ಬೇಳೆಯ ಮೊರವನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ ಕೇಳಿದ.

“ಎಷ್ಟಿತ್ರೀ ಅದು?”

ಕಿರುಬೆರಳಿನ ಉಗುರು ತೋರಿಸಿದೆ. ಸರಿಯಾಗಿ ಅರ್ಧ ಮುರಿದಿದ್ದಳೇ ಎಂದು ಕೇಳಿದ. ಇಲ್ಲ, ದೊಡ್ಡದು ನಿನ್ನದು ಎಂದೆ. ಅವನು ಒಳಗೆ ಹೋದ. ಒಳಗೆ ನೀರಿನ ಸಪ್ಪಳ ಕೇಳುತ್ತಲೇ ಇತ್ತು. ಮುಖ ತೊಳೆದುಕೊಂಡು ಹೊರಗೆ ಬಂದಾಗ ಕೈಯಲ್ಲಿ ನನಗೊಂದು ತಂಬಿಗೆ ನೀರಿತ್ತು. ಬಿಸಿಲಲ್ಲಿ ಬಂದಿದ್ದೀರಿ, ಕುಡಿಯಿರಿ ಎಂದ. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಮಾತುಗಳೆಲ್ಲ ಹಾಗೆಯೇ ತಿರುಗಿ ಬಂದವು.

ಮೊನ್ನೆ ಭಾನುವಾರದ ಹೊತ್ತಿಗೆ ಕೈಯ ಕಟ್ಟು ಬಿಚ್ಚಿದ್ದರು. ಬಾವು ಇನ್ನೂ ಇತ್ತು, ಆದರೂ ರೊಟ್ಟಿಯನ್ನು ನಾನೇ ಮಾಡಿದೆ. ಗೆರೆಗಳು ನೆಟ್ಟಗೆ ಬರಲಿಲ್ಲ. ತಟ್ಟೆ ನನ್ನ ಮುಂದೆ ಬಂದಾಗ ಕೈ ಏಳಲಿಲ್ಲ — ತಲೆ ಬಗ್ಗಿಸಿ ಪಕ್ಕದವರಿಗೆ ದಾಟಿಸಿದೆ. ಹಾಗೆ ದಾಟಿಸುವಾಗ ಎಷ್ಟು ಭಾರವಾಗಿರುತ್ತದೆ ಆ ತಟ್ಟೆ ಎಂದು ಅವತ್ತು ಗೊತ್ತಾಯಿತು. ಹಿಂದೆ ತಿರುಗಿ ನೋಡಲಿಲ್ಲ. ನನ್ನ ಪಕ್ಕದ ಮುದುಕಿ ಮೊಣಕೈಯಿಂದ ತಿವಿದು, ಪ್ರಭುದಾಸ ತಗೊಂಡ ನೋಡು ಎಂದು ಪಿಸುಗುಟ್ಟಿದಳು.

ಹೊರಗೆ ಚಪ್ಪಲಿ ಮೆಟ್ಟುವಾಗ ಅವನು ನನಗಾಗಿ ಕಾಯುತ್ತಿದ್ದ. ಮಡಿಸಿದ ಕರವಸ್ತ್ರ ಬಿಚ್ಚಿ ಅಂಗೈ ಮುಂದೆ ಮಾಡಿದ. ಅರ್ಧ ತುಣುಕು. ನನ್ನ ಕೈಗೆ ಹಾಕಿ ಬಸ್ಸಿಗೆ ಹೊರಟುಹೋದ. ಒಂದು ಗಳಿಗೆ, ಇದು ಇವನು ತೀರಿಸಿಕೊಳ್ಳುತ್ತಿರುವ ಸೇಡು ಎನ್ನಿಸಿತು ನನಗೆ. ನನ್ನ ಮನಸ್ಸಿಗೆ ಬೇರೆ ಏನೂ ತೋಚುವುದೇ ಇಲ್ಲ. ಆಮೇಲೆ ನೋಡಿದೆ. ರೊಟ್ಟಿಗೆ ಗೆರೆ ಕೊಯ್ದವಳು ನಾನು, ಅಳತೆ ನನಗೆ ಗೊತ್ತು. ಅದು ದೊಡ್ಡ ಅರ್ಧ.

ಇವತ್ತು ಬುಧವಾರ. ತುಣುಕು ಮೇಜಿನ ಮೇಲೆ ಬಟ್ಟಲಲ್ಲಿದೆ, ಮೇಲೆ ಇನ್ನೊಂದು ಬಟ್ಟಲು ಮುಚ್ಚಿದ್ದೇನೆ. ಬಿಸಾಡಿಲ್ಲ. ತಿನ್ನಬೇಕೆಂದರೆ ನನ್ನ ಪಾಲಿನ ಕ್ಷಮೆಯನ್ನೂ ಅವನಿಗೆ ಕೊಡಬೇಕಾಗುತ್ತದೆ, ರೂಢಿ ಅದೇ. ಶಾಂತಾಳ ಕಿವಿ ನೆನಪಾದಾಗಲೆಲ್ಲ ಕೈ ಹಿಂದೆ ಬರುತ್ತದೆ. ಅವನ ಪಾಲಿನದನ್ನು ನುಂಗಲು ನನಗೆ ಮಸ್ಕಿಯಲ್ಲಿ ಬಸ್ಸು ನಿಂತಷ್ಟು ಹೊತ್ತು ಸಾಕಾಗಿತ್ತು. ನನ್ನ ಪಾಲಿನದು ಮೂರು ದಿನದಿಂದ ಎದುರಿಗೇ ಇದೆ.